ಅಮ್ಮ ಬೆಳಗಿದ ಕೋವಿ

ಅಪ್ಪಾ,

ಇದು ಸಿಟ್ಟಿನ ಕಾಗದ. ಸಿಟ್ಟು ಯಾರ ಮೇಲೆ ಎಂಬುದು ಓದುತ್ತಾ ಹೋದಂತೆ ನಿಮಗೇ ಗೊತ್ತಾಗುತ್ತದೆ.

ಆ ಕೋವಿ ಮನೆಗೆ ಬಂದ ದಿನ ನೆನಪಿದೆಯೇ? ಈ ಪರದೇಶದ ಬೋಲ್ಟನ್ ಊರಿನ ಗೋದಾಮಿನಲ್ಲಿ ಶಿಫ್ಟು ಮುಗಿಸಿ ಬರುವಾಗ, ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡು ತಂದಿದ್ದಿರಿ. ಅಮೆರಿಕದಲ್ಲಿ ಹಿಂದೆ ಯಾವನೋ ಕೋವಿ ಮಾಡುವವನು ಕೈಯಿಂದಲೇ ಮಾಡಿದ ಉದ್ದ ನಳಿಗೆಯ ಕೋವಿ, ಮೇಪಲ್ ಮರದ ಹಿಡಿ ಮುರಿದು ಎರಡಾಗಿತ್ತು. ಅಮ್ಮ ಬಾಗಿಲಲ್ಲೇ ನಿಂತು, “ಇದೆಂತ ಶನಿ ತಂದದ್ದು ಮನೆಗೆ?” ಎಂದಳು. ನೀವು ಅದನ್ನು ಎತ್ತಿಕೊಂಡು ಬೇಸ್‌ಮೆಂಟಿಗೆ ಇಳಿದಿರಿ. ಆಮೇಲಿನ ಚಳಿಗಾಲಗಳನ್ನೆಲ್ಲ ಅದನ್ನು ರಿಪೇರಿ ಮಾಡುತ್ತಾ ಅಲ್ಲೇ ಕಳೆದಿರಿ.

ಒಮ್ಮೆ ನಾನು ಅದರ ಹಿಡಿಯನ್ನು ಒರೆಸಲು ಹೋಗಿದ್ದೆ. ಗುಂಡಿಗೆ ಸುತ್ತುವ ಬಟ್ಟೆಚೂರು ಇಡಲು ಹಿತ್ತಾಳೆ ಮುಚ್ಚಳದ ಪುಟ್ಟ ಗೂಡೊಂದಿತ್ತಲ್ಲ, ಆ ಹಿತ್ತಾಳೆ ಕಪ್ಪಾಗಿತ್ತು. ನೀವು ಕೈ ತಡೆದಿರಿ. “ಅದು ಕೊಳೆ ಅಲ್ಲ ಮಗಾ, ಅದರ ವಯಸ್ಸು. ಉಜ್ಜಿದ್ರೆ ವಯಸ್ಸೇ ಹೋಗ್ತದೆ. ಇಲ್ಲದ ವಯಸ್ಸು ಹಚ್ಚುದಂತೂ ಕಳ್ಳತನ.” ಕೋವಿ ನೋಡಲು ಬಂದವರಿಗೆಲ್ಲ ಈ ಮಾತು ಹೇಳಿದಿರಿ. ಚಹಾ ತಂದಿಟ್ಟು ಹೋಗುವ ಅಮ್ಮನಿಗೆ ಮಾತ್ರ “ಮುಟ್ಟಬೇಡ” ಎಂದಷ್ಟೇ. ಯಾಕೆ ಎಂದು ಅವಳಿಗೂ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನೀವು ಹೋದ ಮೇಲಿನ ಮೊದಲ ಆಯುಧಪೂಜೆಗೆ ನಾನು ಕೆಲಸದಿಂದ ಬರುವಷ್ಟರಲ್ಲಿ ಕೋವಿ ದೇವರ ಮುಂದಿತ್ತು. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಅಮ್ಮ ದೀಪಗಳ ಜೊತೆಗೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಳು. “ಅಪ್ಪನ ಆಯುಧ ಅಂದ್ರೆ ಇದೇ ಅಲ್ವಾ? ಕಪ್ಪು ಹಿತ್ತಾಳೆ ಇಟ್ಟು ಪೂಜೆ ಮಾಡುದು ಹೇಗೆ?” ಎಂದಳು.

ಆ ವಾರವೇ ನಿಮ್ಮ ಕ್ಲೈನ್‌ಬರ್ಗಿನ ಗೆಳೆಯ ಗ್ಲೆನ್ ಬಂದ. ಹಳೇ ಕೋವಿ ಸಂಗ್ರಾಹಕರ ಪ್ರದರ್ಶನದಲ್ಲಿ, ರಿಪೇರಿ ಮಾಡಿದವರು ಎಂದು ನಿಮ್ಮ ಹೆಸರು ಬರೆದು ಕೋವಿ ಇಡುತ್ತೇನೆ ಎಂದು ಆಸ್ಪತ್ರೆಯಲ್ಲಿ ನಿಮಗೆ ಮಾತು ಕೊಟ್ಟಿದ್ದನಲ್ಲ. ಕೋವಿ ನೋಡಿದವನೇ ತಲೆ ಹಿಡಿದುಕೊಂಡ. “ರೂಯಿನ್ಡ್, ಹಾಳಾಯ್ತು, ಇನ್ನು ಪ್ರದರ್ಶನಕ್ಕೆ ಇಡುವ ಹಾಗಿಲ್ಲ. ಯಾರು ಮಾಡಿದ್ದು ಇದನ್ನ?” ಅಮ್ಮ ಅವನಿಗೆಂದು ಶಿರಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡನೋ ಏನೋ. ಅಂದಿನಿಂದ ಅವಳು ಬೇಸ್‌ಮೆಂಟಿನ ಮೆಟ್ಟಿಲು ಇಳಿದಿಲ್ಲ. ನಿಮ್ಮ ಫೋಟೋದ ಮುಂದೆ ನಿಂತರೆ ಕಣ್ಣೆತ್ತುವುದಿಲ್ಲ. ನಿಮ್ಮ ಒಂದೇ ಒಂದು ಆಸೆಗೆ ತಾನೇ ಕಲ್ಲು ಹಾಕಿದೆ ಎಂಬ ಕೊರಗು ಅವಳಿಗೆ.

ಹೋದ ವಾರ ಗ್ಲೆನ್ ಫೋನು ಮಾಡಿದ. ಉಪಾಯ ಇದೆಯಂತೆ. ಏನೋ ದ್ರಾವಣ ಹಚ್ಚಿದರೆ ಹಿತ್ತಾಳೆ ಒಂದೇ ಮಧ್ಯಾಹ್ನದಲ್ಲಿ ಕಪ್ಪಾಗುತ್ತದಂತೆ. ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ಮಾಡುವುದೇ, ನಿಮ್ಮ ಹೆಸರೂ ಉಳಿಯುತ್ತದೆ ಎಂದ. ನನ್ನ ಮೈ ಉರಿದುಹೋಯಿತು. ಭಕ್ತಿಯಿಂದ ತೊಳೆದರೆ ಅಪರಾಧ, ಸುಳ್ಳು ವಯಸ್ಸು ಬಳಿದರೆ ಉಪಾಯ. ಇಂಥವರನ್ನು ಕೂರಿಸಿಕೊಂಡೇ ನೀವು ವಯಸ್ಸು, ಕಳ್ಳತನ ಎಂದು ಅಷ್ಟೊಂದು ಮಾತಾಡಿದ್ದು...

ಅಮ್ಮನಿಗೆ ಹೇಳಿದೆ. “ಹಚ್ಚಲಿ ಬಿಡು, ಅಪ್ಪನ ಹೆಸರು ಬರ್ಲಿ” ಎಂದಳು. ಅವಳ ಮೇಲಿನ ಭಾರ ಇಳಿಯಲು ಅದೊಂದೇ ದಾರಿ ಎಂದು ಗೊತ್ತಿದ್ದೂ ನಾನು ಬೇಡವೆಂದೆ. ಹಿತ್ತಾಳೆಯ ವಯಸ್ಸಿನ ಬಗ್ಗೆ ನೀವು ಹೇಳುತ್ತಿದ್ದ ಮಾತನ್ನೇ ಅವಳಿಗೆ ಬಿಡಿಸಿ ಹೇಳಿದೆ. ಅವಳು, “ಹಿಂದೆ ಈ ಕೋವಿ ಮಾಡಿದ ಮನುಷ್ಯ ಇದನ್ನು ಮಾಡುವಾಗಲೇ ಕಪ್ಪಿತ್ತಾ?” ಎಂದು ಕೇಳಿದಳು. ಇಲ್ಲಮ್ಮ, ಹೀಗೇ ಹೊಳೆಯುತ್ತಿತ್ತು ಎಂದೆ. ಇದನ್ನು ನೀವು ಹೇಳಬೇಕಿತ್ತು.

ಆದ್ದರಿಂದ ಸುದ್ದಿ ಇಷ್ಟು: ಪ್ರದರ್ಶನದಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಗ್ಲೆನ್‌ಗೆ ಆಗುವುದಿಲ್ಲ ಎಂದುಬಿಟ್ಟೆ. ಕೋವಿಯನ್ನು ಮೇಲೆ ತಂದು ನಡುಮನೆಯ ಗೋಡೆಗೆ ಹಾಕಿದ್ದೇನೆ. ಹಾಕುವ ಮುಂಚೆ ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುರಿದಿದ್ದದ್ದು ಎಲ್ಲಿ ಎಂದು ಕೇಳಿದಳು. ನೀವು ಮರ ಕೂಡಿಸಿದ ಜಾಗದ ಹತ್ತಿರ ಅವಳ ಬೆರಳಿಟ್ಟೆ. ಹುಡುಕಿ ಹುಡುಕಿ, ಕೊನೆಗೂ ಕೂಡಿಕೆಯ ಗೆರೆ ಬೆರಳಿಗೆ ಸಿಕ್ಕಾಗ ಹೇಳಿದಳು:

“ಎಷ್ಟು ಚಂದ ಮಾಡಿದ್ದಾರೆ. ಒಂದು ದಿನ ಕರೆದು ತೋರಿಸ್ಲಿಲ್ಲ ನೋಡು ನಂಗೆ.”