ಕೈಗವಸಿನ ಹೆಬ್ಬೆರಳು

ಹ್ಯಾಂಬರ್ಗ್, ಫೆಬ್ರುವರಿ ೧೯೪೮

ಅಮ್ಮಾ, ಕೆಮ್ಮು ಹೋಯಿತು, ಚಿಂತೆ ಬಿಡು. ಬಟಾಣಿ ಸಾರು ಕೊಡುತ್ತಾರೆಂದು ಸಿನಿಮಾದ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಹೋಗುತ್ತಿದ್ದೇನೆ. ಯುದ್ಧದಿಂದ ಮರಳಿದವನೊಬ್ಬನಿಗೆ ತಾನು ಯಾರೆಂದೇ ಮರೆತುಹೋಗಿರುವ ಕಥೆ.

ನಿನ್ನೆ ಗೋದಾಮಿನೊಳಗೇ ರೈಲು ನಿಲ್ದಾಣ ಕಟ್ಟಿದ್ದರು. ಹಲಗೆಯ ರೈಲನ್ನು ಹಗ್ಗದಿಂದ ಎಳೆದರು. ಮೇಲಿನಿಂದ ಹತ್ತಿಯ ಹಿಮ ಸದ್ದಿಲ್ಲದೆ ಬೀಳುತ್ತಲೇ ಇತ್ತು. ಕಾಣೆಯಾದವರ ಫೋಟೊ ಎತ್ತಿ ಹಿಡಿಯಬೇಕೆಂದು ನಮಗೆಲ್ಲ ಯಾರ್ಯಾರದೋ ಚಿತ್ರ ಹಂಚಿದ್ದರು. ರೈಲು ಬಂದಾಗ ನೋಡಿದರೆ ಹೆಂಗಸರೆಲ್ಲ ಎತ್ತಿ ಹಿಡಿದಿದ್ದು ತಮ್ಮ ತಮ್ಮ ಮನೆಯವರ ಫೋಟೊ. ನಾನೂ ಅಷ್ಟೇ, ನಮ್ಮ ಅಣ್ಣ ಎಕಾರ್ಟ್‌ನದು.

"ಸಾಕು, ನಿಲ್ಸ್ರೀ!" ಎಂದು ನಿರ್ದೇಶಕರು ಕೂಗಿದರು. ಯಾರು ಕೇಳಬೇಕು? "ಇವನ್ನ ಎಲ್ಲಾದ್ರೂ ನೋಡಿದ್ದೀಯೇನಪ್ಪಾ?" ಎಂದು ಹೆಂಗಸರು ವೇಷದ ಸೈನಿಕರ ಕೋಟು ಹಿಡಿದು ಜಗ್ಗುತ್ತಿದ್ದರು. "ಅಯ್ಯೋ ತಾಯೀ, ನಾನು ಬೇಕರಿಯವ್ನು, ಸಾರಿಗೋಸ್ಕರ ಬಂದಿದೀನಿ!" ಎಂದು ಒಬ್ಬ ಗೋಗರೆದ.

ಇನ್ನೊಬ್ಬ ಅಣ್ಣನ ಫೋಟೊ ನೋಡಿ ನನ್ನ ಮುಂದೆ ನಿಂತುಬಿಟ್ಟ. ಜೇಬಿನಿಂದ ಒಂದೇ ಒಂದು ಬೂದು ಕೈಗವಸು ತೆಗೆದು, "ಹೋದ ಚಳಿಗಾಲ ಸೆರೆ ಶಿಬಿರದಲ್ಲಿ ಇವನೇ ಕೊಟ್ಟಿದ್ದು. ಇನ್ನೊಂದು ಅವನ ಹತ್ರಾನೇ ಇದೆ" ಎಂದ. ಅದರ ಹೆಬ್ಬೆರಳನ್ನು ಬೇರೆ ಬಣ್ಣದ ಉಣ್ಣೆಯಿಂದ ಹೊಲಿದಿದ್ದರು.

ಅದು ನಿಜವೋ, ಪಾತ್ರದ ಮಾತೋ ನನಗೆ ತಿಳಿಯಲಿಲ್ಲ. ಅಪ್ಪನಿಗೆ ಈಗಲೇ ಹೇಳಬೇಡ. ಅಣ್ಣ ಯುದ್ಧಕ್ಕೆ ಹೊರಟಾಗ ನಾನು ಮನೆಯಲ್ಲಿರಲಿಲ್ಲ. ಅವನ ಕೈಗವಸಿನ ಹರಿದ ಬೆರಳನ್ನು ನೀನು ಹೊಲಿದುಕೊಟ್ಟಿದ್ದೆಯಾ? ಯಾವ ಬಣ್ಣದ ಉಣ್ಣೆಯಲ್ಲಿ? ನಾನು ಕಂಡ ಬಣ್ಣವನ್ನು ಇಲ್ಲಿ ಬರೆಯುವುದಿಲ್ಲ ಅಮ್ಮಾ. ನೀನೇ ಹೇಳು.

ವಾಲ್ಟ್ರೌಟ್