ಲೈಬ್ರರಿ ಗಂಟಲು

ಜೂನ್ 3, ಮಂಗಳವಾರ

ಡೆಸಿಮಲ್ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದಳು. ಅಷ್ಟರಲ್ಲಿ ನಾನು ಅದಕ್ಕೆ ಕೆಂಪು ಚೀಟಿ ಅಂಟಿಸಿದೆ — ‘ಪರಾಮರ್ಶನ ಪ್ರತಿ. ಹೊರಗೆ ಒಯ್ಯುವಂತಿಲ್ಲ.’ ನನ್ನ ಅಸಿಸ್ಟೆಂಟ್ ಲೈಬ್ರೇರಿಯನ್‌ಗೆ ಆ ಹೆಸರಿಟ್ಟವನೂ ನಾನೇ. ವರ್ಗ ಸಂಖ್ಯೆಯಲ್ಲಿ ದಶಾಂಶದ ಆಚೆ ಏನಿದೆ ಎಂದು ನೋಡದೆ ಒಂದು ಪುಸ್ತಕವನ್ನೂ ಶೆಲ್ಫಿಗೆ ಏರಿಸುವವಳಲ್ಲ. ಮಧ್ಯಾಹ್ನ ಖಾಲಿ ಡಬ್ಬಿಯನ್ನು ತಂದು ನನ್ನ ಮುಂದಿಟ್ಟಳು.

“ಪ್ರತಿ ವಾಪಸ್ ಸರ್. ಪುಟಗಳು ಮಾತ್ರ ಕಾಣ್ತಿಲ್ಲ.”

ಪಳಗಿದ್ದಾಳೆ. ಲೈಬ್ರರಿಯನ್ನು ಅವಳ ಕೈಗೆ ಧೈರ್ಯವಾಗಿ ಕೊಡಬಹುದು.

ನನ್ನ ಮೀಸೆ ಮೇಲ್ದುಟಿ ದಾಟಿ ಕೆಳದುಟಿಯ ಕಡೆ ಹೊರಟಿದೆ. ತಿಂಗಳ ಕೊನೆಗೆ ರಿಟೈರ್ ಆಗುವಾಗ ಯಾರೂ ಗುರುತು ಹಿಡಿಯಬಾರದು, ಅದೇ ಆಸೆ. “ಬಾಗಿಲಿಗೆ ಪರದೆ ಹಾಕಿದ ಹಾಗಿದೆ ಸರ್” ಅಂದಳು. ಇಷ್ಟು ವರ್ಷ ಆವೃತ್ತಿ ನೋಡಿಕೊಂಡವನಿಗೆ ಇನ್ನು ನಿವೃತ್ತಿ, ಮೀಸೆಯಾದರೂ ಪ್ರವೃತ್ತಿಯಾಗಲಿ ಬಿಡು ಅಂದೆ.

ಸಂಜೆ ಮನೆಯಲ್ಲಿ ಹೆಂಡತಿಗೆ ಡಬ್ಬಿಯ ಕಥೆ ಹೇಳಿದೆ. ನಗಲಿಲ್ಲ. “ಹೌದಾ” ಎಂದು ಬಟ್ಟೆ ಮಡಚುತ್ತಾ ಹೋದಳು. ನನ್ನ ಹಳಸಲು ಜೋಕಿಗೂ ನಕ್ಕವಳು. ಬಿಸಿಬಿಸಿಯಾದದ್ದಕ್ಕೆ ನಗುವುದಿಲ್ಲವೆಂದರೆ...

ಜೂನ್ 8, ಭಾನುವಾರ

ಮಗಳು ಬಂದಿದ್ದಳು. “ಅಪ್ಪ, ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡು” ಎಂಬ ಹಳೇ ಪಲ್ಲವಿ. ಪಿಸುಮಾತಿನಲ್ಲೇ ಸಂಸಾರ ನಡೆಸಿದವನು ನಾನು, ಈಗ ಗಂಟಲು ಬದಲಾಯಿಸಲು ಸ್ಪೇರ್ ಎಲ್ಲಿ ಸಿಗುತ್ತದೆ.

ಅಮ್ಮನಿಗೆ ಏನಾಗಿದೆ, ನನ್ನ ಮಾತಿಗೆಲ್ಲ ‘ಹೂಂ’ ಒಂದೇ ಉತ್ತರ ಅಂದೆ.

“ನಿನ್ನ ರಿಟೈರ್‌ಮೆಂಟ್ ವಿಷಯ ಬಂದ್ರೆ ಎದ್ದು ಹೋಗ್ತಾಳಪ್ಪ. ಹೆದರಿಕೆ ಇರ್ಬೇಕು.”

“ಎಂಥ ಹೆದರಿಕೆ?”

“ದಿನವಿಡೀ ನೀನು ಮನೇಲಿ. ನಂಗೇ ಹೆದರಿಕೆ ಆಗುತ್ತೆ, ಪಾಪ ಅವಳಿಗೆ ಆಗಲ್ವಾ?”

ನಕ್ಕೆ. ಮಗಳೂ ನಕ್ಕಳು. ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ಇಷ್ಟು ವರ್ಷ ಇವಳು ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಈ ಮನೆಯ ರಾಣಿ. ನಾನು ರಾತ್ರಿ ಪಾಳಿಯ ಅತಿಥಿ.

ಜೂನ್ 15, ಭಾನುವಾರ

ಕೇಳಿಯೇ ಬಿಟ್ಟೆ. ಕಿಟಕಿಯ ಹತ್ತಿರ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ನಾನು ಇಡೀ ದಿನ ಮನೇಲಿರೋದು ನಿಂಗೆ ಬೇಡ ಅನ್ಸುತ್ತಾ? ಇನ್ನೊಂದು ವರ್ಷ ಕೆಲಸಕ್ಕೇ ಹೋಗ್ಲಾ?”

ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ಹೂಂ. ಹಾಗೇ ಮಾಡಿ.”

ದಾರ ಕಚ್ಚಿ ಕತ್ತರಿಸಿದಳು.

ಬರೆಯಲು ಬೇರೇನೂ ಇಲ್ಲ.

ಜೂನ್ 19, ಗುರುವಾರ

ರಿಜಿಸ್ಟ್ರಾರ್ ಕೋಣೆಗೆ ಹೋಗಿ ಬಂದೆ. ದಾನವಾಗಿ ಬಂದ ಪುಸ್ತಕಗಳು ನೆಲಮಾಳಿಗೆಯಲ್ಲಿ ಬಿದ್ದಿವೆಯಲ್ಲ, ಕ್ಯಾಟಲಾಗ್ ಮಾಡಿಕೊಡುತ್ತೇನೆ, ಒಂದು ವರ್ಷ ಮೂಲೆಯಲ್ಲಿ ಜಾಗ ಕೊಡಿ ಅಂದೆ. ಖುಷಿಯಾಗಿ ಒಪ್ಪಿದರು. ಡೆಸಿಮಲ್ ಮಾತ್ರ ಕನ್ನಡಕ ಇಳಿಸಿ ನೋಡಿದಳು.

“ಮನೇಲಿ ಕೂತು ಮೇಡಂಗೆ ತರಲೆ ಮಾಡ್ತೀನಿ ಅಂತಿದ್ರಿ. ಏನಾಯ್ತು ಸರ್?”

“ನವೀಕರಣ ಮಾಡಿಸ್ಕೊಂಡೆ ಕಣಮ್ಮ. ಬೇರೆ ಯಾರೂ ಎರವಲು ಕೇಳ್ಲಿಲ್ಲ.”

ಅವಳೂ ನಗಲಿಲ್ಲ. ಇತ್ತೀಚೆಗೆ ನನ್ನ ಸರಕಿಗೆ ಗಿರಾಕಿ ಕಡಿಮೆ.

ಜೂನ್ 24, ಮಂಗಳವಾರ

ಪೆನ್ಷನ್ ಸೆಕ್ಷನ್ನಿನ ಗುಮಾಸ್ತ ಫೋಟೊವನ್ನೂ ನನ್ನನ್ನೂ ತಿರುಗಿಸಿ ಮುರುಗಿಸಿ ನೋಡಿದ. “ದಾಖಲೆಯಲ್ಲಿ ಇರೋರು ಬೇರೆ, ಮುಂದೆ ನಿಂತಿರೋರು ಬೇರೆ. ಈ ಮೀಸೆಗೆ ಪೆನ್ಷನ್ ಕೊಡೋಕಾಗಲ್ಲ ಸಾರ್.” ನೇರವಾಗಿ ಕ್ಷೌರದಂಗಡಿಗೆ. ಬೋಳಿಸಿಕೊಂಡು ಮನೆಗೆ ಬಂದೆ.

ಇವಳು ಅಡುಗೆಮನೆಯಲ್ಲಿ. ಮಿಕ್ಸಿ ಗರ್ರೆನ್ನುತ್ತಿತ್ತು. ಬಾಗಿಲಲ್ಲಿ ನಿಂತು, ಮೀಸೆಗೆ ಪೆನ್ಷನ್ ಇಲ್ಲವಂತೆ, ಅದಕ್ಕೇ ಡಿಸ್ಮಿಸ್ ಮಾಡಿ ಬಂದೆ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು.

ಮಿಕ್ಸಿಯ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸಿರಲಿಲ್ಲ.

ತರಲೆ ಬುದ್ಧಿ ಸುಮ್ಮನಿರುವುದಿಲ್ಲ. ಮಿಕ್ಸಿ ನಿಂತ ಮೇಲೆ ಅವಳ ಬೆನ್ನ ಹಿಂದೆ ಹೋಗಿ, “ನಿನ್ನ ಹೆಗಲ ಮೇಲೆ ಜಿರಳೆ” ಅಂದೆ. ಜಿರಳೆಯೆಂದರೆ ಬೀದಿಗೆ ಓಡುವವಳು, ಕದಲಲಿಲ್ಲ. ಎದುರು ಬಂದೆ. ದನಿಯನ್ನೇ ಹೊರಡಿಸದೆ ಬರಿಯ ತುಟಿಯಾಡಿಸಿದೆ — ಟೀ ಕೊಡ್ತೀಯಾ?

“ಊಟದ ಹೊತ್ತಿಗೆ ಎಂಥ ಟೀ ರೀ?”

ಹಾಲಿಗೆ ಬಂದು ಕೂತೆ. ಊರಿಗೆಲ್ಲ ಓದುವುದಕ್ಕೆ ಕೊಟ್ಟವನು ನಾನು. ಮನೆಯಲ್ಲಿ ಒಬ್ಬಳು ದಿನಾ ನನ್ನನ್ನೇ ಓದುತ್ತಿದ್ದಾಳೆ, ನನಗೆ ಸುಳಿವೇ ಇಲ್ಲ.

ಜೂನ್ 25, ಬುಧವಾರ

ಬೆಳಿಗ್ಗೆ ಎದುರಿಗೆ ಕೂತು, ತುಟಿ ಚೆನ್ನಾಗಿ ಕಾಣುವ ಹಾಗೆ ಕೇಳಿದೆ. “ಎಷ್ಟು ದಿನದಿಂದ?”

ಯಾವುದು ಎಂದು ನಾಟಕ ಮಾಡಲಿಲ್ಲ. ಟೀ ಲೋಟವನ್ನು ತಿರುಗಿಸುತ್ತಾ ಕೂತಳು.

“ಮೆಲ್ಲಮೆಲ್ಲಗೆ ಹೋಯ್ತು ರೀ. ಯಾವತ್ತು ಅಂತ ಹೇಳ್ಲಿ.”

“ನಂಗೆ ಯಾಕೆ ಹೇಳ್ಲಿಲ್ಲ?”

“ನಮ್ಮಮ್ಮನ ಕಿವಿ ಹೋದ ಮೇಲೆ ಮನೆಯವರೆಲ್ಲ ಕಿರುಚೋಕೆ ಶುರು ಮಾಡಿದ್ರು. ಊಟ ಮಾಡಮ್ಮ ಅನ್ನೋದೂ ಬೈದ ಹಾಗೆ ಇರ್ತಿತ್ತು. ಅವಳು ಕೊನೆಕೊನೆಗೆ ಯಾರ ಹತ್ರಾನೂ ಮಾತೇ ಆಡ್ತಿರ್ಲಿಲ್ಲ. ನಿಮ್ಮದು ಲೈಬ್ರರಿ ಗಂಟಲು. ಬೈದ್ರೂ ಮುದ್ದು ಮಾಡಿದ ಹಾಗೆ. ಅದನ್ನ ಯಾಕೆ ಕಳ್ಕೊಳ್ಳಲಿ?”

ಲೋಟ ಎತ್ತಿಕೊಂಡು, “ಆ ಮೀಸೆ ಬಂತಲ್ಲ, ಆವತ್ತಿಂದ ನೀವೇ ಇರ್ಲಿಲ್ಲ ನಂಗೆ. ಇಡೀ ದಿನ ಮನೇಲಿದ್ರೆ ಗೊತ್ತಾಗಿಬಿಡುತ್ತೆ ಅಂತ ಪ್ರಾಣ ಹೋಗ್ತಿತ್ತು.”

ಹಾಗಾದರೆ ಆ ಭಾನುವಾರ ‘ಹಾಗೇ ಮಾಡಿ’ ಅಂದದ್ದು?

“ಮೀಸೆ ತೆಗೆಸ್ಲಾ ಅಂತ ಕೇಳ್ತಿದೀರಿ ಅಂದ್ಕೊಂಡೆ. ಬೇರೆ ಏನು ಕೇಳಿದ್ರಿ?”

ಹೇಳಿದೆ. ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಅಯ್ಯೋ ಪುಣ್ಯಾತ್ಮ” ಅಂದಳು.

ಮೆಷಿನ್ ಹಾಕಿಸೋಣ ಅಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. ಕಿವಿಯಲ್ಲಿ ಅದು ಕಂಡರೆ ಊರೇ ಕಿರುಚಲು ಶುರು ಮಾಡುತ್ತದಂತೆ. ಒತ್ತಾಯ ಮಾಡಲಿಲ್ಲ. ಗುಟ್ಟು ರಟ್ಟಾದದ್ದೇ ಈ ದಿನಕ್ಕೆ ಸಾಕು. ಪುಸ್ತಕದ ರಟ್ಟಿನ ಜೊತೆಯೇ ಬಾಳಿದವನಿಗೆ ಅದರ ಬೆಲೆ ಗೊತ್ತು.

ನೆಲಮಾಳಿಗೆಯ ಕೆಲಸ ಬೇಡವೆಂದು ಹೇಳಿ ಬಂದೆ. ಡೆಸಿಮಲ್ ಕಾರಣ ಕೇಳಿದಳು. “ಒಬ್ಬರು ಕಾಯ್ದಿರಿಸಿದಾರಂತೆ ಕಣಮ್ಮ.”

ಜೂನ್ 30, ಸೋಮವಾರ

ಮುಗಿಯಿತು. ಸೆಮಿನಾರ್ ಹಾಲಿನಲ್ಲಿ ಬೀಳ್ಕೊಡುಗೆ. ಬೀಳುವ ಮೊದಲೇ ಕೊಟ್ಟರು, ಪುಣ್ಯ. ಕುರ್ಚಿಯ ಬೆನ್ನಿಗೆ ಡೆಸಿಮಲ್ ಚೀಟಿ ಅಂಟಿಸಿದ್ದಳು — ‘ಹಳೆಯ ಮುದ್ರಣ. ರಿಪೇರಿಗೆ ಮನೆಗೆ ಕಳಿಸಲಾಗಿದೆ.’ ಉಡುಗೊರೆ ಗೋಡೆ ಗಡಿಯಾರ. ಇನ್ನು ಟೈಮ್ ನೋಡುವ ಅಗತ್ಯವಿಲ್ಲದವನಿಗೆ ಟೈಮು. ನನಗಿಂತ ದೊಡ್ಡ ತರಲೆಗಳು ಆಡಳಿತದಲ್ಲಿದ್ದಾರೆ.

ಇವಳು ಮುಂದಿನ ಸಾಲಿನಲ್ಲಿ. ಭಾಷಣಗಳು ನಡೆಯುವಾಗ ಅಕ್ಕಪಕ್ಕದವರು ನಕ್ಕಾಗ ನಕ್ಕಳು, ಚಪ್ಪಾಳೆ ತಟ್ಟಿದಾಗ ತಟ್ಟಿದಳು. ಅರ್ಧ ಕ್ಷಣ ತಡವಾಗಿ. ಇಷ್ಟು ವರ್ಷ ಆ ಅರ್ಧ ಕ್ಷಣ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ನನ್ನ ಸರದಿ ಬಂತು. ಎರಡು ಮಾತು ಆಡಿದೆ. ಆಮೇಲೆ ದನಿ ನಿಲ್ಲಿಸಿ ತುಟಿಯನ್ನಷ್ಟೇ ಆಡಿಸಿದೆ. ಮೈಕ್ ಕೆಟ್ಟಿತೆಂದು ಮೈಕಿನವನು ಓಡಿ ಬಂದ, ವೈರು ಎಳೆದ. ಹಿಂದಿನವರು “ಕೇಳಿಸ್ತಿಲ್ಲ ಸರ್” ಅಂದರು. ತುಂಬಿದ ಹಾಲಿನಲ್ಲಿ ಒಬ್ಬಳೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಾನು ಹೇಳಿದ್ದು ಇಷ್ಟೇ: ನಿನ್ನ ಹಿಂದೆ ಕೂತ ಡೀನ್ ನಿದ್ದೆ ಹೊಡೀತಿದಾರೆ, ತಿರುಗಿ ನೋಡಬೇಡ, ಬೇಗ ಮುಗಿಸ್ತೀನಿ, ಮನೆಗೆ ಹೋಗೋಣ.

ತಿರುಗಿ ನೋಡಿಯೇ ಬಿಟ್ಟಳು.

ಜುಲೈ 9, ಬುಧವಾರ

ಅಡುಗೆಮನೆಯ ಡಬ್ಬಿಗಳಿಗೆಲ್ಲ ವಿಭಾಗ ಮಾಡಿ ಚೀಟಿ ಅಂಟಿಸಿದೆ. ಸಕ್ಕರೆ ‘ಕಾವ್ಯ’ದಲ್ಲಿ, ಉಪ್ಪು ‘ವಿಮರ್ಶೆ’ಯಲ್ಲಿ. ಅವಳು ಸೌಟು ತೋರಿಸಿ ನನ್ನನ್ನು ‘ಬಾಲ ಸಾಹಿತ್ಯ’ಕ್ಕೆ ಸೇರಿಸಿದಳು.

ಸಂಜೆ ಇಬ್ಬರೂ ವರಾಂಡದಲ್ಲಿ ಕೂತಿದ್ದೆವು. ನಾನು ಏನೋ ಹೇಳುತ್ತಿದ್ದೆ. ನಡುವೆ ತಡೆದಳು.

“ಒಂದು ಮಾತು. ನಿಮ್ಮ ದನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ತಿದ್ದೆ. ಬರ್ತಾನೇ ಇಲ್ಲ. ತುಟಿ ಬಾಯಿಪಾಠ ಆಗಿದೆ. ದನಿ ಅಳಿಸಿ ಹೋಗಿದೆ.”

ಕತ್ತಲಾಗುತ್ತಾ ಬಂತು. ಇನ್ನು ತುಟಿ ಕಾಣುವುದಿಲ್ಲವೆಂದು ದೀಪ ಹಾಕಲು ಎದ್ದೆ. ಕೈ ಹಿಡಿದು ಕೂರಿಸಿದಳು.

“ಶನಿವಾರ ಹೋಗೋಣ ನಡೀರಿ, ಆ ಕಿವಿ ಡಾಕ್ಟರ್ ಹತ್ರ. ಆದ್ರೆ ನೀವು ಮಾತ್ರ ಕಿರುಚಬಾರದು.”

ಜುಲೈ 19, ಶನಿವಾರ

ಹೋದ ವಾರ ಪರೀಕ್ಷೆ, ಈ ದಿನ ಮೆಷಿನ್. ಬಟಾಣಿ ಗಾತ್ರದ್ದು. ಅಲ್ಲಿಯ ಹುಡುಗಿ ಅದನ್ನು ಕಿವಿಗೆ ಕೂರಿಸಿ, “ಅಂಕಲ್, ಹಿಂದೆ ನಿಂತು ಏನಾದ್ರೂ ಮಾತಾಡಿ” ಅಂದಳು. ಜೀವಮಾನವಿಡೀ ಮಾತನ್ನು ತಿರುಚಿ ಮುರುಚಿ ಆಡಿದವನಿಗೆ ಒಂದೂ ಹೊಳೆಯಲಿಲ್ಲ.

“ನಾನು ಕಣೇ” ಅಂದೆ.

ತಿರುಗಿದಳು. ತುಟಿಯನ್ನು ನೋಡಲಿಲ್ಲ. “ಇಷ್ಟು ಮುದುಕರಾ ನೀವು?” ಅಂದಳು.

ಖುಷಿ ಬಸ್ಸಿನವರೆಗೆ ಮಾತ್ರ. ಹಾರ್ನು, ಕಂಡಕ್ಟರ್, ಯಾರದೋ ಮೊಬೈಲು. ತಲೆ ಸಿಡಿಯುತ್ತದೆಂದು ಕಿತ್ತು ಡಬ್ಬಿಗೆ ಹಾಕಿದಳು. ಮನೆಗೆ ಬಂದ ಮೇಲೂ ತೆಗೆಯಲಿಲ್ಲ. “ಪ್ರಪಂಚ ಇಷ್ಟೊಂದು ವಟಗುಟ್ಟುತ್ತೆ ಅಂತ ಮರೆತಿದ್ದೆ. ನಂಗೆ ಬೇಡ ರೀ.”

ಹೂಂ ಅಂದೆ. ತುಟಿಯಲ್ಲೇ.

ಜುಲೈ 27, ಭಾನುವಾರ

ಮೆಷಿನ್ ಇನ್ನೂ ಡಬ್ಬಿಯಲ್ಲೇ. ಆ ವಿಷಯ ನಾನು ಎತ್ತುವುದಿಲ್ಲ. ಬೇಕಾದರೆ ಅವಳೇ

ನಿಲ್ಲಿಸಬೇಕಾಯಿತು. ಪಕ್ಕದ ಕೋಣೆಯಿಂದ ಕೂಗಿದಳು — “ರೀ, ಏನದು ಕರಕರ ಅಂತ? ಇಲಿ ಬಂತಾ?”

ಕೋಣೆಯಲ್ಲಿ ನಾನು ಮತ್ತು ಈ ಪೆನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಅಂದರೆ ಮೆಷಿನ್ ಡಬ್ಬಿಯಲ್ಲಿಲ್ಲ.

ಪೆನ್ನು ಎತ್ತಿ ಕೂತೆ. “ನಿಂತು ಹೋಯ್ತು” ಅಂದಳು. ಮತ್ತೆ ಬರೆಯುತ್ತಿದ್ದೇನೆ. “ನೋಡಿ, ಮತ್ತೆ ಶುರು.” ಬೇಕೆಂದೇ ಒತ್ತಿ ಬರೆಯುತ್ತಿದ್ದೇನೆ. ಏನು ಬರೆಯುತ್ತಿದ್ದೇನೆಂದು ನನಗೇ ಗೊತ್ತಿಲ್ಲ, ಕೇಳಿಸಿಕೋ, ಇದೂ ನಾನೇ ಕಣೇ, ನಾನೇ

ಕುರ್ಚಿ ಸರಿಯಿತು. ಬರುತ್ತಿದ್ದಾಳೆ. ಈ ಡೈರಿ ಎಲ್ಲಾದರೂ ಬಚ್ಚಿಡಬೇಕು, ಓದುವುದರಲ್ಲಿ ಇವಳನ್ನು ನಂಬುವ ಹಾಗಿಲ್ಲ, ಬಾಗಿಲ ಹತ್ತಿರ ಬಂದಳು —