ಎರಡು ಇಂಚಿನ ಸ್ಕ್ರೂ

ಚೆಲ್ಲಮ್ಮಾ, ಮುರುಗನ ಮೇಲಾಣೆ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನೀನು ಹೂ ತರೋಕೆ ಹೋದ ಮೇಲೆ ನಾನು ಬಚ್ಚಲಮನೆ ಒಳಗೆ ಸಿಕ್ಕಾಕ್ಕೊಂಡಿದೀನಿ. ಸ್ಕ್ರೂ ಕಟ್ಟಿಕೊಟ್ಟ ಪೇಪರಲ್ಲೇ ಬರೆದು ಬಾಗಿಲ ಕೆಳಗೆ ತಳ್ತಿದೀನಿ.

ಮಗಳು ಕಾರ್ತಿಕಾನ ನೋಡೋಕೆ ಬತ್ತಲಗುಂಡಿನ ಗಂಡಿನ ಕಡೆಯೋರು ಬರೋ ದಿನ ಬಚ್ಚಲಿಗೆ ಒಳಚಿಲಕ ಇಲ್ಲ ಅಂತ ಬೈದೆಯಲ್ಲ, ಅದನ್ನೇ ಹಾಕ್ತಿದ್ದೆ. ನಿಮ್ಮಣ್ಣ ನಿನ್ನೆ ಹೇಳಿದ್ರು, "ಮಾಪ್ಳೆ, ಬಾಗಿಲ ಹಲಗೆ ತೆಳ್ಳಗಿದೆ, ಅರ್ಧ ಇಂಚು ಸ್ಕ್ರೂ ಸಾಕು."

"ಅದು ನಿಮ್ಮ ತೇವಾರಂ ಊರಿಗೆ ಸಾಕು. ಇಲ್ಲಿ ಆಡಿ ತಿಂಗಳ ಗಾಳಿ ನಮ್ಮ ಮೇಕೇನ ಎತ್ತಿ ದ್ರಾಕ್ಷಿ ಚಪ್ಪರದ ಮೇಲೆ ಕೂರಿಸಿತ್ತು," ಅಂದೆ.

ಎರಡು ಇಂಚಿಂದೇ ತಂದೆ. ಬಾಗಿಲು ಹಾಕ್ಕೊಂಡು ತಿರುಗಿಸಿದೆ. ನಾನು ತಿರುಗಿಸಿದ್ದು ಒಂದೇ ಸುತ್ತು, ಮಿಕ್ಕಿದ್ದು ಅದೇ ಬೋರ್ ಹಾಕಿದಂಗೆ ಇಳೀತು. ಹಲಗೆ ದಾಟಿ ಅದರ ಹಿಂದಿನ ಚೌಕಟ್ಟಿಗೇ ಕಚ್ಕೊಂಡಿದೆ. ಬಿಚ್ಚೋಕೆ ಹೋದ್ರೆ ಅದರ ತಲೆ ಸವೆದು ತಿರುಪುಳಿ ಜಾರುತ್ತೆ.

ಬಂದೋರು ಕಾಲು ತೊಳೆಯೋಕೆ ಮೊದಲು ಇಲ್ಲಿಗೇ ಬರ್ತಾರೆ. ನಾನೋ ಬರೀ ಟವಲ್ ಸುತ್ಕೊಂಡಿದೀನಿ. ಬಾಗಿಲು ತಳ್ಳಬೇಡ, ಹಲಗೆ ಸೀಳುತ್ತೆ. ಮೋಟಾರ್ ರೂಮಲ್ಲಿ ಕಬ್ಬಿಣ ಕೊಯ್ಯೋ ಆಕ್ಸಾ ಬ್ಲೇಡ್ ಇದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಅದನ್ನ ತೂರಿಸಿ, ಚಿಲಕದ ಹತ್ರ ಸ್ಕ್ರೂ ಕೊಯ್ಯಿ. ನಗ್ತಾ ಕೊಯ್ಯಬೇಡ, ಬ್ಲೇಡ್ ಮುರಿಯುತ್ತೆ.

ಅಷ್ಟರಲ್ಲಿ ಅವರು ಬಂದ್ಬಿಟ್ರೆ ಒಂದೇ ಒಂದು ಉಪಕಾರ ಮಾಡು, ತಾಯೇ. "ಚಿಲಕ ಹಾಕಿದ್ದು ನಮ್ಮಣ್ಣ, ಅದು ಗಟ್ಟಿಯಾಗಿದೆಯಾ ಅಂತ ನಮ್ಮ ಯಜಮಾನ್ರು ಒಳಗಿಂದ ನೋಡ್ತಿದಾರೆ" ಅಂತ ಹೇಳ್ಬಿಡು.